ಸರಾಸರಿ ಮಳೆ, ನಮ್ಮ ಹೊಲ

ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ‘ಇನ್ನೆಷ್ಟು ದಿನ?’. ಅದಕ್ಕೆ ಸಿಗುವ ಅಂಕಿಯನ್ನು ಓದುವುದು ಹೇಗೆ?

ಮುಂಡರಗಿ ಸೀಮೆಯಲ್ಲಿ ಬೇಸಾಯ ಮಾಡುವವರಿಗೆ ‘ಸರಾಸರಿ ಮಳೆ’ ಎಂಬ ಲೆಕ್ಕವನ್ನು ಎಷ್ಟು ನಂಬಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಕಪ್ಪತಗುಡ್ಡದ ಆಚೆ ಸುರಿದ ಮಳೆ ಈಚೆಗೆ ದಾಟದೇ ಹೋಗಬಹುದು. ಡಂಬಳದ ಕಡೆ ಹನಿ ಬಿದ್ದ ದಿನವೇ ಹಿರೇವಡ್ಡಟ್ಟಿಯ ಎರಿ ಹೊಲ ಬಿರುಕು ಬಿಟ್ಟು ಕಾಯುತ್ತಿರಬಹುದು. ವರ್ಷದ ಕೊನೆಗೆ ಕಚೇರಿಯ ಪುಸ್ತಕದಲ್ಲಿ ತಾಲ್ಲೂಕಿನ ಸರಾಸರಿ ಬರೆದಿಡುತ್ತಾರೆ. ಅದು ಸುಳ್ಳು ಲೆಕ್ಕವಲ್ಲ, ನೀರಾವರಿ ಯೋಜನೆಗೆ, ಬೆಳೆ ವಿಮೆಗೆ ಅದು ಬೇಕೇ ಬೇಕು. ಆದರೆ ಅಷ್ಟೇ ಮಳೆ ತನ್ನ ಹೊಲದಲ್ಲಿ ಬೀಳುತ್ತದೆಂದು ನೆಚ್ಚಿ ಯಾವ ರೈತನೂ ಕೂರಿಗೆ ಹೂಡುವುದಿಲ್ಲ. ಹೊಲಕ್ಕೆ ಹೋಗಿ, ಮಣ್ಣು ಹಿಡಿದು, ಹದ ನೋಡಿ ಬಿತ್ತುತ್ತಾನೆ.

ಇದೇ ರೈತ ಕೆಮ್ಮಿನಲ್ಲಿ ರಕ್ತ ಕಂಡ ಅಪ್ಪನನ್ನು ಕರೆದುಕೊಂಡು ಮುಂಡರಗಿ, ಗದಗ ದಾಟಿ ಹುಬ್ಬಳ್ಳಿ ಸೇರುತ್ತಾನೆ. ಸ್ಕ್ಯಾನು, ಬಯಾಪ್ಸಿ ಎಲ್ಲ ಮುಗಿದು, ಕೀಮೋ ಎಂಬ ಮಾತು ಬಂದ ಮೇಲೆ ಅಪ್ಪನನ್ನು ಹೊರಗೆ ಕೂರಿಸಿ ಒಳಗೆ ಬಂದು ಕೇಳುತ್ತಾನೆ: “ಎಷ್ಟ ದಿನಾ ಅಂತ ಖರೇ ಹೇಳ್ರಿ ಸಾಹೇಬ್ರ.” ವೈದ್ಯರು ಹಿಂದೆ ಮುಂದೆ ನೋಡಿ, “ಸಾಮಾನ್ಯವಾಗಿ ಎಂಟು, ಹತ್ತು ತಿಂಗಳು” ಎನ್ನುತ್ತಾರೆ. ಬಸ್ಸಿನಲ್ಲಿ ಊರು ಮುಟ್ಟುವ ಹೊತ್ತಿಗೆ ‘ಸಾಮಾನ್ಯವಾಗಿ’ ಎಂಬ ಪದ ಉದುರಿಹೋಗಿ, ಎಂಟು ತಿಂಗಳೆಂಬುದು ಒಂದು ತಾರೀಖಾಗಿ ಮನೆಯ ಗೋಡೆಗೆ ಅಂಟಿಕೊಂಡಿರುತ್ತದೆ.

ಮಳೆಯ ಸರಾಸರಿಗೆ ಮಣಿಯದ ಮನುಷ್ಯ ಜೀವದ ಸರಾಸರಿಗೆ ಹೀಗೆ ಮಣಿಯುವುದು ಭಯದಿಂದ. ಆ ಅಂಕಿ ಎಲ್ಲಿಂದ ಬಂತು, ಯಾರನ್ನು ಎಣಿಸಿ ಬಂತು ಎಂದು ಅವನಿಗೆ ಬಿಡಿಸಿ ಹೇಳುವವರು ಕಡಿಮೆ. ಅದನ್ನು ಬಿಡಿಸಿ ನೋಡಿದರೆ ಭಯ ಪೂರ್ತಿ ಹೋಗದಿದ್ದರೂ, ಮುಂದೆ ಏನು ಮಾಡಬೇಕೆಂಬುದು ಕಣ್ಣಿಗೆ ಕಾಣತೊಡಗುತ್ತದೆ.

ಇಬ್ಬರು, ಒಂದೇ ಕಾಯಿಲೆ

ನಾಡಿಗೆಲ್ಲ ಗೊತ್ತಿರುವ ಇಬ್ಬರನ್ನು ನೆನೆಯೋಣ. ಹುಬ್ಬಳ್ಳಿಯಲ್ಲಿ ಓದಿ, ಬೆಂಗಳೂರು ದಕ್ಷಿಣದಿಂದ ಆರು ಸಲ ಲೋಕಸಭೆಗೆ ಆರಿಸಿಬಂದ ಅನಂತಕುಮಾರ್ 2018ರ ಮುಂಗಾರು ಅಧಿವೇಶನದಲ್ಲಿ ಸಂಸದೀಯ ವ್ಯವಹಾರಗಳ ಸಚಿವರಾಗಿ ಸದನ ನಡೆಸುತ್ತಿದ್ದರು. ಅದೇ ವರ್ಷ ನವೆಂಬರ್ 12ರಂದು, 59ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ವಿದೇಶದ ಚಿಕಿತ್ಸೆಯೂ ಆಗಿತ್ತು. ದೇಶದ ಅಧಿಕಾರದ ನಡುಮನೆಯಲ್ಲಿದ್ದವರಿಗೂ ಸಿಕ್ಕಿದ್ದು ಕೆಲವೇ ತಿಂಗಳು.

ಇನ್ನೊಬ್ಬರು ಅಪರ್ಣಾ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬಂದು, ಚಂದನ ವಾಹಿನಿಯ ನಿರೂಪಣೆಯಲ್ಲಿ ಅಚ್ಚಗನ್ನಡದ ದನಿಯಾಗಿ, ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ಹಳ್ಳಿ ಹಳ್ಳಿಯ ಮನೆಯೊಳಗೆ ಬಂದವರು. ಬೆಂಗಳೂರಿನ ಮೆಟ್ರೊದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತಿದ್ದುದೂ ಅವರ ದನಿಯೇ. 2022ರ ಜುಲೈನಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿ ಗೊತ್ತಾಯಿತು. ವೈದ್ಯರು ಆರು ತಿಂಗಳ ಮಾತಾಡಿದ್ದರೆಂದೂ, ಆಕೆ ಛಲ ಬಿಡದೆ ಸೆಣಸಿದರೆಂದೂ ಪತಿ, ಬರಹಗಾರ ನಾಗರಾಜ ವಸ್ತಾರೆ ಅವರೇ ಮಾಧ್ಯಮದ ಮುಂದೆ ಹೇಳಿದರು. ಅಪರ್ಣಾ ತೀರಿಕೊಂಡದ್ದು 2024ರ ಜುಲೈ 11ರಂದು. ಆರು ತಿಂಗಳೆಂದದ್ದು ಎರಡು ವರ್ಷವಾಯಿತು.

ಇವರಲ್ಲಿ ಒಬ್ಬರು ಹೆಚ್ಚು ಧೈರ್ಯವಂತರು, ಇನ್ನೊಬ್ಬರು ಕಡಿಮೆ ಎಂದು ಅರ್ಥವಲ್ಲ. ಹಾಗೆ ಯೋಚಿಸುವುದು ಹೋದವರಿಗೂ ಉಳಿದವರಿಗೂ ಮಾಡುವ ಅನ್ಯಾಯ. ಕಾಯಿಲೆಯ ಹೆಸರು ಒಂದೇ ಆದರೂ ದಾರಿ ಎಷ್ಟು ಬೇರೆಯಾಗಬಹುದು ಎಂಬುದಷ್ಟೇ ಇಲ್ಲಿ ಕಾಣಬೇಕಾದದ್ದು.

‘ಎಂಟು ತಿಂಗಳು’ ಎಲ್ಲಿಂದ ಬಂತು?

ವೈದ್ಯರ ಬಾಯಲ್ಲಿ ಬಂದ ಎಂಟು ತಿಂಗಳಿಗೆ ಒಂದು ಮೂಲವಿದೆ. ಅಮೆರಿಕದಲ್ಲಿ ಜೋನ್ ಶಿಲ್ಲರ್ ಮತ್ತು ಜೊತೆಯವರು, ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 1,200ಕ್ಕೂ ಹೆಚ್ಚು ರೋಗಿಗಳಿಗೆ ನಾಲ್ಕು ಬಗೆಯ ಕೀಮೋ ಜೋಡಿಗಳನ್ನು ಕೊಟ್ಟು ಹೋಲಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕೂ ಜೋಡಿಗಳ ಫಲ ಹೆಚ್ಚುಕಡಿಮೆ ಒಂದೇ. ಬದುಕಿದ ಅವಧಿಯ ನಡುಬಿಂದು 7.9 ತಿಂಗಳು. ಒಂದು ವರ್ಷಕ್ಕೆ ನೂರಕ್ಕೆ 33 ಮಂದಿ, ಎರಡು ವರ್ಷಕ್ಕೆ 11 ಮಂದಿ ಉಳಿದಿದ್ದರು. ಬಹುಕಾಲ ಜಗತ್ತಿನ ಕೀಮೋ ಕೋಣೆಗಳಲ್ಲಿ ಓಡಾಡಿದ್ದು ಈ ಅಂಕಿಯೇ.

ನಡುಬಿಂದು ಎಂದರೇನು? ಜಾತ್ರೆಗೆ ನೂರು ಜನ ಕಾಲ್ನಡಿಗೆಯಲ್ಲಿ ಹೊರಟಿದ್ದಾರೆಂದುಕೊಳ್ಳಿ. ಐವತ್ತನೆಯವರು ದಣಿದು ಕುಳಿತ ಜಾಗಕ್ಕೆ ಒಂದು ಕಲ್ಲು ನೆಟ್ಟರೆ ಅದು ನಡುಬಿಂದು. ಆ ಕಲ್ಲಿಗೆ ಮೊದಲೇ ಅರ್ಧ ಜನ ಕುಳಿತಿದ್ದಾರೆ, ಇನ್ನರ್ಧ ಜನ ಅದನ್ನು ದಾಟಿ ನಡೆಯುತ್ತಿದ್ದಾರೆ. ದಾಟಿದವರಲ್ಲಿ ಕೆಲವರು ಬಹಳ ದೂರ ಹೋಗುತ್ತಾರೆ. ನಮ್ಮ ಅಪ್ಪ ಎಲ್ಲಿ ಕೂರುತ್ತಾನೆಂದು ಆ ಕಲ್ಲಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಕೀಮೋ ಕೊಟ್ಟು ಆಗುವುದೇನು? ಅದಕ್ಕೂ ಲೆಕ್ಕವಿದೆ. ಕೀಮೋ ಕೊಟ್ಟವರನ್ನೂ ಬರೀ ಆರೈಕೆ ಕೊಟ್ಟವರನ್ನೂ ಹೋಲಿಸಿದ 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ನೋಡಿದಾಗ, ಮುಂದುವರಿದ ಹಂತದ ರೋಗಿಗಳಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 20ರಿಂದ 29ಕ್ಕೆ ಏರಿದ್ದರು. ಸಣ್ಣ ಏರಿಕೆ, ನಿಜ. ಆದರೆ ಆ ಒಂಬತ್ತರಲ್ಲಿ ತನ್ನವರೊಬ್ಬರಿದ್ದ ಮನೆಗೆ ಅದು ಸಣ್ಣದಲ್ಲ.

ಪ್ಲಾಟಿನಂ ತಂತಿಯ ಕಥೆ

ಶ್ವಾಸಕೋಶದ ಕೀಮೋದಲ್ಲಿ ಇಂದಿಗೂ ಬೆನ್ನೆಲುಬಾಗಿರುವುದು ಸಿಸ್‌ಪ್ಲಾಟಿನ್ ಮತ್ತು ಅದರ ತಮ್ಮನಂತಿರುವ ಕಾರ್ಬೋಪ್ಲಾಟಿನ್. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ವಿದ್ಯುತ್ ಹರಿಸಿದರೆ ಬ್ಯಾಕ್ಟೀರಿಯಾ ಹೇಗೆ ನಡೆದುಕೊಳ್ಳುತ್ತದೆಂದು ನೋಡುತ್ತಿದ್ದರು. ಅವು ಒಡೆದು ಎರಡಾಗುವುದನ್ನು ನಿಲ್ಲಿಸಿ ಉದ್ದುದ್ದ ಎಳೆಗಳಾಗಿ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುತ್ ಒಯ್ಯುವ ಪ್ಲಾಟಿನಂ ಕಡ್ಡಿಯಿಂದ ಕರಗಿ ಬಂದ ಲೋಹದ ಸಂಯುಕ್ತ. ಕೋಶ ಇಬ್ಭಾಗವಾಗುವುದನ್ನು ತಡೆಯುವ ಈ ಗುಣ ಕ್ಯಾನ್ಸರ್ ಔಷಧವಾಯಿತು. 1978ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು.

ಕೀಮೋದ ಉಪಕಾರ, ಉಪದ್ರವ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಬೇಗ ಬೇಗ ಇಬ್ಭಾಗವಾಗುವ ಕೋಶ ಯಾವುದಿದ್ದರೂ ಅದು ಹೊಡೆಯುತ್ತದೆ. ಗಡ್ಡೆಯ ಜೊತೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ಹುಟ್ಟುವ ಎಲುಬಿನ ಮಜ್ಜೆ ಕೂಡ ಪೆಟ್ಟು ತಿನ್ನುತ್ತವೆ. ಚೇತರಿಸಿಕೊಳ್ಳಲಿ ಎಂದೇ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ನಾಲ್ಕರಿಂದ ಆರು ಸಲ ಕೊಡುತ್ತಾರೆ. ನಡುವೆ ಸ್ಕ್ಯಾನ್ ಮಾಡಿ ನೋಡುತ್ತಾರೆ. “ಗಡ್ಡಿ ಸಣ್ಣದಾಗೇತಂತ” ಎಂಬುದು ಮನೆಗೆ ಹೋಗುವ ಸಿಹಿ ಸುದ್ದಿ. ಗಡ್ಡೆ ಇದ್ದಷ್ಟೇ ಇದ್ದರೂ ಅದು ಸೋಲಲ್ಲ, ಬೆಳೆಯಬೇಕಾದದ್ದು ಬೆಳೆಯದೆ ನಿಂತಿದೆ ಎಂದೇ ಅರ್ಥ.

ಕೀಮೋ ಯಾಕೆ ಕೊಡುತ್ತಿದ್ದಾರೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೆ ಕೊಡುವ ಕೀಮೋ, ಕಣ್ಣಿಗೆ ಕಾಣದೆ ಉಳಿದ ಬೇರನ್ನು ಕೊಲ್ಲಲು. ಇದರಿಂದ ಐದು ವರ್ಷ ಬದುಕುಳಿಯುವವರು ನೂರಕ್ಕೆ ಐದು ಮಂದಿಯಷ್ಟು ಹೆಚ್ಚುತ್ತಾರೆ. ಎದೆಯೊಳಗೇ ಹರಡಿ, ತೆಗೆಯಲಾಗದ ಹಂತದಲ್ಲಿ ಕೀಮೋ ಜೊತೆ ವಿಕಿರಣ ಚಿಕಿತ್ಸೆ, ನಮ್ಮ ಕಡೆಯ ಮಾತಿನಲ್ಲಿ ‘ಕರೆಂಟ್’, ಕೊಡುತ್ತಾರೆ. ಇದಾದ ಮೇಲೆ ಡರ್ವಾಲುಮಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಮುಂದುವರಿಸಿದ ಪ್ರಯೋಗದಲ್ಲಿ ನೂರಕ್ಕೆ 43 ಮಂದಿ ಐದು ವರ್ಷ ದಾಟಿದರು, ಅದಿಲ್ಲದವರಲ್ಲಿ 33. ಈ ಎರಡೂ ಹಂತಗಳಲ್ಲಿ ವಾಸಿ ಮಾಡುವುದೇ ಗುರಿ. ನಾಲ್ಕನೇ ಹಂತದಲ್ಲಿ, ಅಂದರೆ ಮಿದುಳು, ಎಲುಬು, ಯಕೃತ್ತಿಗೆ ಹರಡಿದ ಮೇಲೆ, ಗುರಿ ಬೇರೆ: ದಿನಗಳನ್ನು ಹೆಚ್ಚಿಸುವುದು, ಉಸಿರಾಟ ಹಗುರ ಮಾಡುವುದು, ನೋವು ಇಳಿಸುವುದು.

ಹೆಸರೊಂದು, ಬೇನೆ ಹಲವು

ಊರಲ್ಲಿ ‘ದೊಡ್ಡ ಬ್ಯಾನಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಈ ಕಾಯಿಲೆಯೊಳಗೆ ಹಲವು ಬೇನೆಗಳಿವೆ. ನೂರರಲ್ಲಿ ಸುಮಾರು 15 ಸಣ್ಣಕೋಶದ ಕ್ಯಾನ್ಸರುಗಳು. ಇವು ಬೀಡಿ, ಸಿಗರೇಟಿನ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿವೆ. ಕೀಮೋಗೆ ಬೇಗ ಕರಗುತ್ತವೆ, ಬೇಗ ಮರಳುತ್ತವೆ. ಒಂದೆರಡು ಸುತ್ತಿನಲ್ಲೇ ಗಡ್ಡೆ ಮಾಯವಾದಂತೆ ಕಂಡು ಮನೆಯವರು ನೆಮ್ಮದಿಯಾಗುವಷ್ಟರಲ್ಲಿ ಅದು ಹಿಂದಿರುಗಿರಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಉಳಿದ 85ರಲ್ಲಿ ಅಡಿನೋಕಾರ್ಸಿನೋಮ ಎಂಬ ಬಗೆ ಬೀಡಿ ಮುಟ್ಟದ ಹೆಂಗಸರಲ್ಲೂ ಗಂಡಸರಲ್ಲೂ ಕಾಣುತ್ತದೆ. ಸೌದೆ ಒಲೆಯ ಹೊಗೆ, ಕೆಟ್ಟ ಗಾಳಿ ಕೂಡ ಶ್ವಾಸಕೋಶದ ಕ್ಯಾನ್ಸರಿನ ಕಾರಣಗಳ ಪಟ್ಟಿಯಲ್ಲಿವೆ. “ಬೀಡಿ ಸೇದಿಲ್ಲ, ಇದು ಹೆಂಗ ಬಂತು?” ಎಂದು ಕೊರಗುವ ತಾಯಿಗೆ, ತಪ್ಪು ನಿನ್ನದಲ್ಲ ಎಂದು ಹೇಳಬೇಕು. ಬೀಡಿ ಸೇದಿದ ಅಪ್ಪನಿಗೂ ಈ ಹೊತ್ತಿನಲ್ಲಿ ಬೇಕಾದದ್ದು ಬೈಗುಳವಲ್ಲ, ಆಸರೆ.

ಅಡಿನೋಕಾರ್ಸಿನೋಮದ ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದರೆ, ಭಾರತದ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ, ಕೆಲವು ಅಧ್ಯಯನಗಳಲ್ಲಿ ಇನ್ನೂ ಹೆಚ್ಚು ಜನಕ್ಕೆ, ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಕಾಣುತ್ತದೆ. ಅಂಥವರಿಗೆ ಬಾಯಿಂದ ನುಂಗುವ ಮಾತ್ರೆಗಳಿವೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವನಿತಾ ನೊರೊನ್ಹಾ ಮತ್ತು ಸಂಗಡಿಗರು 350 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಗೆಫಿಟಿನಿಬ್ ಮಾತ್ರೆಯೊಂದೇ ತೆಗೆದುಕೊಂಡವರಲ್ಲಿ ರೋಗ ಮತ್ತೆ ಬೆಳೆಯುವವರೆಗಿನ ನಡುಬಿಂದು 8 ತಿಂಗಳು, ಮಾತ್ರೆಯ ಜೊತೆ ಕೀಮೋ ಸೇರಿಸಿದವರಲ್ಲಿ 16. ಹೊಸ ಮಾತ್ರೆ ಒಸಿಮರ್ಟಿನಿಬ್ ಪಡೆದವರ ಬದುಕಿನ ನಡುಬಿಂದು ಇನ್ನೊಂದು ದೊಡ್ಡ ಪ್ರಯೋಗದಲ್ಲಿ 38.6 ತಿಂಗಳು ಮುಟ್ಟಿತು. ಇಜಿಎಫ್‌ಆರ್, ಎಎಲ್‌ಕೆ ಜೀನುಗಳ ಬದಲಾವಣೆ ಇಲ್ಲದ ಅಡಿನೋಕಾರ್ಸಿನೋಮದಂಥ ಬಗೆಗಳಲ್ಲಿ, ನಾಲ್ಕನೇ ಹಂತದಲ್ಲಿ ಕೀಮೋಗೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಸೇರಿಸಿದಾಗ ನಡುಬಿಂದು 10.6ರಿಂದ 22 ತಿಂಗಳಿಗೆ ಸರಿಯಿತು.

ಆದ್ದರಿಂದ ‘ಎಂಟು ತಿಂಗಳು’ ಕೇಳಿಸಿಕೊಂಡವರು ತಿರುಗಿ ಕೇಳಬೇಕಾದ ಮೊದಲ ಮಾತು: “ಯಾವ ಬಗೆ? ಯಾವ ಹಂತ? ಜೀನ್ ಪರೀಕ್ಷೆ ಆಗೇತೇನ್ರಿ?” ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆಂಬ ಹೆದರಿಕೆಯಿಂದ ಚೂರು ತೆಗೆಸಲು ಒಪ್ಪದವರು, ಈ ಮಾತ್ರೆಗಳ ಬಾಗಿಲನ್ನು ತಮ್ಮ ಕೈಯಾರೆ ಮುಚ್ಚಿಕೊಳ್ಳುತ್ತಾರೆ.

ದಾರಿಯೂ ಆಯುಷ್ಯವೇ

ಅಮೆರಿಕದ ನೋಂದಣಿ ಲೆಕ್ಕದಲ್ಲಿ, ಕ್ಯಾನ್ಸರ್ ಶ್ವಾಸಕೋಶದೊಳಗೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ಸುಮಾರು 60 ಮಂದಿ ಐದು ವರ್ಷ ಬದುಕುತ್ತಾರೆ. ದೂರಕ್ಕೆ ಹರಡಿದ ಮೇಲೆ ಆ ಸಂಖ್ಯೆ ಹತ್ತಕ್ಕಿಂತ ಕೆಳಗೆ. ನಮ್ಮಲ್ಲಿ ಹೆಚ್ಚಿನವರು ಬರುವುದು ತಡವಾಗಿ. ಅದಕ್ಕೊಂದು ಕಾರಣ ಕ್ಷಯ. ಕೆಮ್ಮು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮಚ್ಚೆ ಎರಡೂ ಕಾಯಿಲೆಗಳಿಗೆ ಸಮಾನ. ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಗದೇ ಟಿಬಿ ಮಾತ್ರೆ ನುಂಗುತ್ತ ತಿಂಗಳುಗಟ್ಟಲೆ ಕಳೆದ ಮೇಲೆ ಕ್ಯಾನ್ಸರ್ ಎಂದು ತಿಳಿದವರು ಈ ದೇಶದಲ್ಲಿ ಕಡಿಮೆಯಿಲ್ಲ. ಟಿಬಿ ಚಿಕಿತ್ಸೆಗೆ ಕೆಮ್ಮು ಬಗ್ಗದಿದ್ದರೆ, ಅದರಲ್ಲೂ ಬೀಡಿ ಸೇದಿದವರಾದರೆ, ಸಿಟಿ ಸ್ಕ್ಯಾನ್ ಬಗ್ಗೆ ಕೇಳುವುದರಲ್ಲಿ ಹಿಂಜರಿಕೆ ಬೇಡ.

ಹಿರೇವಡ್ಡಟ್ಟಿಯಂಥ ಊರಿನವರಿಗೆ ಗದಗಿನಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ದೂರದ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಆದರೂ 21 ದಿನಕ್ಕೊಮ್ಮೆ ಹೋಗಿಬರುವುದೆಂದರೆ ಒಬ್ಬರ ಕೂಲಿ, ಇಬ್ಬರ ಬಸ್ ಚಾರ್ಜು, ಸುಗ್ಗಿಯ ಹೊತ್ತಾದರೆ ಹೊಲದ ಕೆಲಸ. ಮೂರನೇ ಸುತ್ತಿಗೆ ಚಿಕಿತ್ಸೆ ಬಿಡುವವರಲ್ಲಿ ಹಲವರು ಸೋತಿರುವುದು ಕ್ಯಾನ್ಸರಿಗಲ್ಲ, ಈ ದಾರಿಗೆ.

ಈ ದಾರಿಯನ್ನು ಹಗುರ ಮಾಡಿದರೆ ಜೀವ ಉಳಿಯುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 2010ರಲ್ಲಿ, ಬಡ ಕುಟುಂಬಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕಕ್ಕೆ ಬಂತು. ಯೋಜನೆ ಬಂದ ಹಳ್ಳಿಗಳನ್ನೂ, ಪಕ್ಕದಲ್ಲೇ ಇದ್ದು ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಸೇರಿಸಿ 572 ಊರುಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆಯಿತ್ತು. ಅದೇ ಮಣ್ಣು, ಅದೇ ಜೋಳದ ರೊಟ್ಟಿ, ಅದೇ ಬಡತನ. ವ್ಯತ್ಯಾಸ ಒಂದು ಯೋಜನೆಯದು.

ಈಗ ಆ ಜಾಗದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯಿದೆ, ಜೊತೆಗೆ ಹೋಗುವವರಿಗೂ ರಿಯಾಯಿತಿಯುಂಟು. 2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತು ಕೀಮೋ ಕೊಟ್ಟು ಸಂಜೆ ಮನೆಗೆ ಕಳಿಸುವ ಕೇಂದ್ರಗಳನ್ನು ಸರ್ಕಾರ ತೆರೆಯಿತು. ಇಂಥ ಕೇಂದ್ರ ಪ್ರತಿ ಜಿಲ್ಲೆಗೂ ಬರಬೇಕು. ಅಂಕಿಗಳ ಭಾಷೆಯಲ್ಲೇ ಹೇಳುವುದಾದರೆ, ಹತ್ತಿರದ ಕೀಮೋ ಕೂಡ ಒಂದು ಔಷಧ.

ನಮ್ಮ ಕೈಯಲ್ಲಿರುವುದು

ರೋಗ ಬಂದ ಮೇಲೆ ಬೀಡಿ ಬಿಟ್ಟು ಏನು ಫಲ ಎನ್ನುವವರಿದ್ದಾರೆ. ಫಲವಿದೆ. ರಷ್ಯಾದಲ್ಲಿ ಆರಂಭದ ಹಂತಗಳ 517 ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಹೊರಬಂತು. ಸೇದುವುದು ಮುಂದುವರಿಸಿದವರ ಬದುಕಿನ ನಡುಬಿಂದು 4.8 ವರ್ಷ, ಗೊತ್ತಾದ ಮೇಲೆ ಬಿಟ್ಟವರದು 6.6 ವರ್ಷ. ಹತ್ತಿರಹತ್ತಿರ 22 ತಿಂಗಳ ಗಳಿಕೆ, ಒಂದು ರೂಪಾಯಿ ಖರ್ಚಿಲ್ಲದೆ.

ಕೀಮೋ ಹಾಕಿಸಿಕೊಂಡ ಒಂದೆರಡು ವಾರದಲ್ಲಿ ಬಿಳಿರಕ್ತಕಣ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಬೆಳಗಾಗಲಿ, ಸಂತೆ ಮುಗಿಯಲಿ ಎಂದು ಕಾಯಬಾರದು. ಮನೆಯಲ್ಲೊಂದು ಥರ್ಮಾಮೀಟರ್, ಆಸ್ಪತ್ರೆಯ ಫೋನ್ ನಂಬರು, ರಾತ್ರಿ ಗಾಡಿ ಕೊಡುವವರ ಹೆಸರು ಮೊದಲೇ ಗೊತ್ತಿರಲಿ. ಊಟದಲ್ಲಿ ಪಥ್ಯದ ಹೆಸರಿನಲ್ಲಿ ಬೇಳೆ, ಮೊಟ್ಟೆ, ಹಾಲು ತಪ್ಪಿಸಬೇಡಿ. ಶಕ್ತಿ ಇದ್ದಷ್ಟು ನಡೆಯಲಿ. ರೋಗಿ ದಿನದಲ್ಲಿ ಎಷ್ಟು ಹೊತ್ತು ಎದ್ದು ಓಡಾಡುತ್ತಾನೆ ಎಂಬುದನ್ನು ವೈದ್ಯರು ಅಂಕವಾಗಿ ಬರೆದುಕೊಳ್ಳುತ್ತಾರೆ, ಮುಂದಿನ ಕೀಮೋ ಕೊಡಬೇಕೋ ಬೇಡವೋ ಎಂಬುದು ಬಹುಪಾಲು ಅದರ ಮೇಲೇ ನಿಲ್ಲುತ್ತದೆ.

ಇನ್ನೊಂದು ವಿಷಯ ಉಪಶಮನ ಆರೈಕೆ, ಅಂದರೆ ನೋವು, ಸಂಕಟ ಇಳಿಸುವ ಆರೈಕೆ. ಇದನ್ನು ‘ಕೈಚೆಲ್ಲಿದ ಮೇಲಿನ ಆರೈಕೆ’ ಎಂದು ತಿಳಿಯುವುದು ದೊಡ್ಡ ತಪ್ಪು. ಬಾಸ್ಟನ್ನಿನಲ್ಲಿ ಜೆನ್ನಿಫರ್ ಟೆಮೆಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳಲ್ಲಿ ಕೆಲವರಿಗೆ ಮೊದಲ ದಿನಗಳಿಂದಲೇ ಚಿಕಿತ್ಸೆಯ ಜೊತೆ ಉಪಶಮನ ಆರೈಕೆ ಸಿಕ್ಕಿತು. ಅವರಲ್ಲಿ ಖಿನ್ನತೆ ಕಡಿಮೆ, ಕೊನೆಗಾಲದ ಕಠಿಣ ಚಿಕಿತ್ಸೆಗಳು ಕಡಿಮೆ, ಆದರೂ ಬದುಕಿದ ಅವಧಿಯ ನಡುಬಿಂದು 11.6 ತಿಂಗಳು. ಅದು ಸಿಗದವರದು 8.9. ನೋವು ಇಳಿದವನು ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ. ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ “ಚಟ ಆಗತೈತಿ” ಎಂದು ಹೆದರಬೇಕಿಲ್ಲ. ವೈದ್ಯರು ಹೇಳಿದ ಅಳತೆಯಲ್ಲಿ ಅದನ್ನು ಪಡೆಯುವುದು ರೋಗಿಯ ಹಕ್ಕು.

“ಅಪ್ಪಗ ಹೇಳಬ್ಯಾಡ್ರಿ”

ನಮ್ಮ ಮನೆಗಳಲ್ಲಿ ಈ ಮಾತು ಪ್ರೀತಿಯಿಂದಲೇ ಹುಟ್ಟುತ್ತದೆ. ನಿಜ ಸ್ಥಿತಿ ರೋಗಿಗೆ ತಿಳಿಯದಿರುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದವರಲ್ಲಿ ಶೇ. 69 ಮಂದಿಗೆ ಈ ಕೀಮೋದಿಂದ ರೋಗ ವಾಸಿಯಾಗುವ ಸಂಭವ ತೀರಾ ಕಡಿಮೆ ಎಂಬುದು ಮನದಟ್ಟಾಗಿರಲಿಲ್ಲ. ವೈದ್ಯರೂ ಮನುಷ್ಯರೇ. ಕೊನೆಗಾಲದ ರೋಗಿಗಳ ಬಗ್ಗೆ ಅವರು ಅಂದಾಜಿಸಿದ್ದ ಅವಧಿಯನ್ನು ಷಿಕಾಗೊದ ಸಂಶೋಧಕರು 2000ದಲ್ಲಿ ಲೆಕ್ಕಹಾಕಿದಾಗ, ಅದು ನಿಜವಾಗಿ ಬದುಕಿದ್ದಕ್ಕಿಂತ ಒಟ್ಟಾರೆ ಐದು ಪಟ್ಟು ಹೆಚ್ಚಿತ್ತು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು.

ಅದಕ್ಕೇ ‘ಎಷ್ಟು ದಿನ’ ಎಂಬ ಒಂದೇ ಪ್ರಶ್ನೆಯನ್ನು ಬಿಡಿಸಿ ಕೇಳುವುದು ಒಳ್ಳೆಯದು. ಈ ಚಿಕಿತ್ಸೆ ವಾಸಿ ಮಾಡಲಿಕ್ಕೋ, ತಡೆಯಲಿಕ್ಕೋ? ಎಲ್ಲ ಚೆನ್ನಾಗಿ ನಡೆದರೆ ಎಷ್ಟು, ಕೆಟ್ಟರೆ ಎಷ್ಟು, ಹೆಚ್ಚಿನವರಿಗೆ ಎಷ್ಟು? ಈ ಕೀಮೋ ಕೆಲಸ ಮಾಡದಿದ್ದರೆ ಮುಂದೇನು? ಯಾವಾಗ ನಿಲ್ಲಿಸಬೇಕೆಂದು ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗಳನ್ನು ಕೇಳುವಾಗ, ಕೇಳಲು ಮನಸ್ಸಿದ್ದರೆ, ಅಪ್ಪನೂ ಕೋಣೆಯೊಳಗೇ ಕುಳಿತಿರಲಿ. ಬೇಡ ಎಂದರೆ ಅದೂ ಅವನ ಇಚ್ಛೆ. ಆದರೆ ಬೇಕೋ ಬೇಡವೋ ಎಂದು ಅವನನ್ನು ಕೇಳದೇ ನಾವೇ ತೀರ್ಮಾನಿಸುವುದು ಸರಿಯಲ್ಲ.

ಯಾಕೆಂದರೆ ಬರುವ ದಿನಗಳು ಅವನವು. ಹೊಲ ಇಬ್ಬರು ಮಕ್ಕಳ ನಡುವೆ ಹೇಗೆ ಹಂಚಬೇಕು, ಮಗಳ ಮದುವೆ ಈ ಬೇಸಿಗೆಗೇ ಮಾಡಬೇಕೋ, ಆರನೇ ಕೀಮೋಗೆ ಹುಬ್ಬಳ್ಳಿಗೆ ಹೋಗಬೇಕೋ, ಮನೆಯ ಕಟ್ಟೆಯ ಮೇಲೆ ಕುಳಿತು ಜಾತ್ರೆಯ ತೇರು ನೋಡಬೇಕೋ ಎಂದು ಅವನು ಯೋಚಿಸಬೇಕಿದೆ. ಹಿಂಗಾರಿ ಹತ್ತಿರ ಬಂದಿದೆ. ಕಡಲೆ, ಬಿಳಿಜೋಳ ಬಿತ್ತುವ ಹೊತ್ತು. ಈ ಸಲ ತಾನೇ ಮುಂದೆ ನಿಂತು ಬಿತ್ತಿಸುವುದೋ, ಹೊಲವನ್ನು ಲಾವಣಿಗೆ ಕೊಡುವುದೋ? ಅರವತ್ತು ಮಳೆಗಾಲ ಹದ ನೋಡಿ ಬಿತ್ತಿದ ಕೈ ಅದು. ಇದ್ದ ಸ್ಥಿತಿಯನ್ನು ಅವನ ಮುಂದೆ ನಿಜವಾಗಿ ಇಡೋಣ. ಈ ಹದವನ್ನೂ ಅವನೇ ನೋಡಲಿ.